ಮಂಕು ನಕ್ಷತ್ರಗಳ ಮೇಲೊಂದು ಭಾಷಣ

ನಾಚಿಕೆಯಾದಾಗ ಕೆಲವರಿಗೆ ಮಾತೇ ಹೊರಡುವುದಿಲ್ಲವಂತೆ. ನನಗೆ ಮಾತು ಹೆಚ್ಚಾಗುತ್ತದೆ. ಈಗ ನಿಮ್ಮ ಮುಂದೆ ಬಿಚ್ಚುತ್ತಿರುವುದೂ ಹಾಗೆ ಹೆಚ್ಚಾದ ಮಾತೇ.

ತೆಲುಗು ನಾಡಿನ ಈ ಉಪ್ಪಲಿನಲ್ಲಿ ನಾವು ಕನ್ನಡದವರು ಆಗಾಗ ಭಾನುವಾರ ಬೆಳಿಗ್ಗೆ ಸೇರುವುದುಂಟು. ಈ ಊರಿನ ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನನ್ನನ್ನು, ಏನಾದರೂ ಮಾತಾಡಿ ಎಂದು ಕರೆದಿದ್ದರು. "ಮಂಕು ನಕ್ಷತ್ರಗಳ ಸುತ್ತ ಜೀವ ಇದ್ದೀತೆ?" ಎಂಬ ವಿಷಯ ಆರಿಸಿಕೊಂಡೆ. ಅಲ್ಲಿಗೆ ಯಾರೂ ಹೋಗಿಬಂದಿಲ್ಲ, ತಪ್ಪು ಹೇಳಿದರೂ ಹಿಡಿಯುವವರಿಲ್ಲ ಎಂಬ ಧೈರ್ಯ.

ಮಾತು ಚೆನ್ನಾಗಿಯೇ ಸಾಗಿತು. ಈ ಪುಟ್ಟ ಕೆಂಪು ನಕ್ಷತ್ರಗಳು ಸಿಮ್‌ನಲ್ಲಿಟ್ಟ ಗ್ಯಾಸ್ ಒಲೆಯ ಹಾಗೆ. ನಮ್ಮ ಸೂರ್ಯ ಆರಿದ ಎಷ್ಟೋ ಕಾಲದ ಮೇಲೂ ಉರಿಯುತ್ತಲೇ ಇರುತ್ತವೆ. ಆದರೆ ಅವುಗಳ ಕಾವು ಸಿಗಬೇಕಾದರೆ ಗ್ರಹ ತೀರಾ ಹತ್ತಿರ ಸುತ್ತಬೇಕು. ಹತ್ತಿರ ಸುತ್ತಿದರೆ ಒಂದು ಮುಖಕ್ಕೆ ಸದಾ ಹಗಲು, ಇನ್ನೊಂದಕ್ಕೆ ಸದಾ ಇರುಳು ಆಗುವ ಸಂಭವ. ಸಾಲದ್ದಕ್ಕೆ ಎಳೆಯ ವಯಸ್ಸಿನಲ್ಲಿ ಈ ನಕ್ಷತ್ರಗಳು ಆಗಾಗ ರೇಗಿ ಕಿಡಿ ಕಾರುತ್ತವೆ, ಗ್ರಹದ ಗಾಳಿಯನ್ನೇ ಹಾರಿಸಿಬಿಡಬಹುದು. ಆದರೂ ಹಗಲು ಇರುಳು ಕೂಡುವ ಅಂಚಿನಲ್ಲಿ ಜೀವ ಇರಲಾರದೆಂದು ಯಾರೂ ಖಚಿತವಾಗಿ ಹೇಳಿಲ್ಲ. "ಮಂಕಾಗಿದೆ ಎಂದು ಯಾವುದನ್ನೂ ತಳ್ಳಿಹಾಕಬಾರದು" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು, ನಾನು ಉಬ್ಬಿದೆ.

ಆಮೇಲೆ ಉಪ್ಪಿಟ್ಟಿಗೆ ಸಾಲು. ಬಡಿಸುತ್ತಿದ್ದವಳು, ಅಂದಿನ ಅಡುಗೆಯ ಗುತ್ತಿಗೆಯೂ ಅವಳದೇ, ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ನಾ ಶರಣಮ್ಮ ರೀ ಟೀಚರ್. ಆರನೇತ್ತಾಗ ನಿಮ್ಮ ಕ್ಲಾಸಿನ್ಯಾಗ ಇದ್ದೆ. ನನಗ ಮಂಕು ಅಂತಿದ್ರಿ."

ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು ಶರಣಮ್ಮ. ನಾನು ಮೈಸೂರು ಕಡೆಯಿಂದ ಮದುವೆಯಾಗಿ ಬಂದವಳು. ನನ್ನ ಕನ್ನಡವೇ ಕನ್ನಡ ಎಂದುಕೊಂಡಿದ್ದೆ. ರಾತ್ರಿ ಆಕಾಶದಲ್ಲಿ ಏನೇನು ಕಾಣುತ್ತದೆ ಎಂದು ಒಮ್ಮೆ ಕೇಳಿದಾಗ ಅವಳು ಎದ್ದು ನಿಂತು "ಚಿಕ್ಕಿ ರೀ" ಎಂದಿದ್ದಳು. ಅವರ ಕಡೆ ಚಿಕ್ಕಿ ಎಂದರೆ ನಕ್ಷತ್ರ. ನನಗೆ ಗೊತ್ತಿದ್ದದ್ದು ಕಡಲೆಬೀಜ, ಬೆಲ್ಲದ ಚಿಕ್ಕಿ. "ಆಕಾಶದಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದಾರಾ?" ಎಂದೆ. ತರಗತಿಯೆಲ್ಲ ನಕ್ಕಿತು. ಅವಳು ಮತ್ತೆ ಬಾಯಿ ಬಿಡಲಿಲ್ಲ. ದೀಪಕ್ಕೂ ಮಂಕು, ಮನಸ್ಸಿಗೂ ಮಂಕು ಎನ್ನುವ ಭಾಷೆ ನಮ್ಮದು. ನಾನು ಅದನ್ನು ಅವಳಿಗೂ ಅಂಟಿಸಿ ಕೊನೆಯ ಬೆಂಚಿಗೆ ಕಳಿಸಿದೆ. ವರ್ಷ ಮುಗಿಯುವ ಮೊದಲೇ ಅವಳು ಶಾಲೆ ಬಿಟ್ಟಳು. ಚಿಕ್ಕಿಯ ಅರ್ಥ ತಿಳಿದದ್ದು ಎಷ್ಟೋ ಕಾಲದ ಮೇಲೆ. ತಿಳಿದ ಮೇಲೂ ಅವಳನ್ನು ಹುಡುಕುವ ಗೋಜಿಗೆ ಹೋಗಲಿಲ್ಲ.

"ಯಾಕಮ್ಮ ಶಾಲೆ ಬಿಟ್ಟೆ? ಮನೇಲಿ ಕಷ್ಟವಿತ್ತೇನೋ?" ಎಂದು ಕೇಳಿದೆ. ಹೌದು ಎಂದುಬಿಡಲಿ ಎಂದು ಒಳಗೊಳಗೇ ಬೇಡಿಕೊಂಡೆ. ಎಲ್ಲವನ್ನೂ ಬಡತನದ ತಲೆಗೆ ಕಟ್ಟಿ ನಾನು ಪಾರಾಗಬಹುದಿತ್ತು. ಇವತ್ತಿಗೂ ಮಂಕು ಎಂದದ್ದಕ್ಕಿಂತ ಹೆಚ್ಚಾಗಿ ಹಾಗೆ ಬೇಡಿಕೊಂಡದ್ದಕ್ಕೇ ನನಗೆ ನಾಚಿಕೆಯಾಗುತ್ತದೆ.

"ಕಷ್ಟ ಇತ್ತು ಖರೆ. ಆದ್ರ ಅಪ್ಪ ಸಾಲಿ ಬಿಡಸ್ತಿರಲಿಲ್ರಿ. ನಿಮ್ಮ ಪೀರಿಯಡ್ ಬಂತಂದ್ರ ನನಗ ಹೊಟ್ಟಿ ಕಡೀತಿತ್ತು. ನಾನ ಒಲ್ಲೆ ಅಂದೆ."

ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪಾಯಿತಮ್ಮ ಎಂದೆ. ನನ್ನ ಹಿಂದೆ ಸಾಲು ಗೊಣಗತೊಡಗಿತ್ತು.

"ಬಾಗಲದಾಗ ನಿಂತು ನಿಮ್ಮ ಮಾತು ಪೂರಾ ಕೇಳೀನ್ರಿ," ಎಂದಳು. "ಆ ಕೆಂಪು ಚಿಕ್ಕಿ ಯಾವ ಕಡೆ ಕಾಣ್ತಾವು?"

"ಬರಿಗಣ್ಣಿಗೆ ಒಂದೂ ಕಾಣಲ್ಲಮ್ಮ. ನಮ್ಮ ಸೂರ್ಯನ ಪಕ್ಕದಲ್ಲೇ ಇರೋದೂ ಕಾಣಲ್ಲ."

"ಹಂಗಾರ ಮಂಕು ಯಾವುದ್ರಿ, ಚಿಕ್ಕಿನೋ, ಕಣ್ಣೋ?"

ಪ್ರಶ್ನೆಗಳಿದ್ದರೆ ಕೇಳಿ ಎಂದು ವೇದಿಕೆಯಿಂದ ಎರಡು ಸಲ ಹೇಳಿದ್ದೆ, ಯಾರೂ ಕೇಳಿರಲಿಲ್ಲ. ಈಗ ತಲೆ ತಗ್ಗಿಸಿ "ಕಣ್ಣು" ಎಂದೆ. ಉತ್ತರ ಸರಿಯಾಗಿತ್ತೆಂದು ಕಾಣುತ್ತದೆ. ಶರಣಮ್ಮ ನನ್ನ ತಟ್ಟೆಗೆ ಉಪ್ಪಿಟ್ಟು ಹಾಕಿ ಮುಂದಿನವರ ಕಡೆ ತಿರುಗಿದಳು.