ಎರಡನೆಯ ಬಟ್ಟಲಿನ ಮಾತು

ಉತ್ತರದ ಹಿಮನಾಡಿನ ನಮ್ಮ ಹಳ್ಳಿ ಕುರ್ಕಿವಾರದಲ್ಲಿ ಯಾರನ್ನು ಏನು ಕೇಳಿದರೂ ಮೊದಲು ಸಿಗುವ ಉತ್ತರ ಒಂದೇ: ಪರವಾಗಿಲ್ಲ. ಆರೋಗ್ಯ ಹೇಗಿದೆ ಎಂದರೆ ಪರವಾಗಿಲ್ಲ. ಮಗಳ ಮದುವೆ ಹೇಗಾಯಿತು ಎಂದರೂ ಪರವಾಗಿಲ್ಲ. ಮೂವತ್ತೆಂಟು ವರ್ಷ ಈ ಊರಿನ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಮಕ್ಕಳ ಬಾಯಿಂದ ಇದಕ್ಕಿಂತ ಉದ್ದದ ವಾಕ್ಯವೊಂದನ್ನು ಹೊರಡಿಸಿದ ದಿನ ನನಗೆ ಹಬ್ಬವಾಗುತ್ತಿತ್ತು. ಆ ಮಕ್ಕಳು ಬೆಳೆದು ತಲೆ ನರೆತ ಮೇಲೆ ಅವರಿಂದ ಮನಸ್ಸಿನ ಮಾತನ್ನು ಹೊರಡಿಸಿದವರು ಸೈಮಿ ಕೊರ್ತೆಸ್ಮಾ. ಅದೂ ಸಿನಿಮಾಗಳ ನೆಪದಲ್ಲಿ.

ಸೈಮಿ ಓದಿದ್ದು ಆರು ತರಗತಿ, ನನಗಿಂತ ಹಿಂದಿನ ಮೇಷ್ಟರ ಕಾಲದಲ್ಲಿ. ಅನಂತರ ಮೂವತ್ತೊಂದು ವರ್ಷ ಆಕೆ ಹಾಲು ಅಳೆಯುವ ಕೆಲಸ ಮಾಡಿದರು. ಊರಿನಲ್ಲಿ ಹಸುಗಳಿದ್ದ ಕಾಲ. ತಿಂಗಳಿಗೊಮ್ಮೆ ಮನೆಮನೆಯ ಕೊಟ್ಟಿಗೆಗೆ ಹೋಗಿ, ಒಂದೊಂದು ಹಸುವಿನ ಹಾಲನ್ನೂ ತೂಗಿ, ಅದರಲ್ಲಿ ಜಿಡ್ಡೆಷ್ಟಿದೆ ಎಂದು ಪರೀಕ್ಷಿಸಿ, ಪುಸ್ತಕದಲ್ಲಿ ಬರೆದಿಡಬೇಕು. ಒಂದು ಮನೆಯ ಹಾಲಿನ ವಿಷಯವನ್ನು ಇನ್ನೊಂದು ಮನೆಯಲ್ಲಿ ಆಡಬಾರದು. ಸೈಮಿ ಆಡಲಿಲ್ಲ. ಏಲಕ್ಕಿ ಹಾಕಿದ ಬಿಸಿ ಬನ್ನನ್ನು ಮುಂದಿಟ್ಟು ಪುಸಲಾಯಿಸಿದರೂ, ಬನ್ನನ್ನು ತಿಂದು, ಉಪಕಾರವಾಯಿತೆಂದು ಹೇಳಿ ಎದ್ದು ಬರುತ್ತಿದ್ದರಂತೆ.

ಕ್ರಮೇಣ ಊರಿನ ಕೊಟ್ಟಿಗೆಗಳು ಖಾಲಿಯಾದವು. ಕೊನೆಯ ಹಸು ಲಾರಿ ಹತ್ತಿದ ವರ್ಷವೇ ಸೈಮಿಯ ಗಂಡನೂ ತೀರಿಕೊಂಡರು. ಆ ಚಳಿಗಾಲವೆಲ್ಲ ಆಕೆ ಮನೆಯಿಂದ ಹೊರಗೆ ಬಂದದ್ದನ್ನು ನಾನು ಕಾಣಲಿಲ್ಲ. ಅಂಚೆಯವಳು ಮಾತ್ರ, ಕಿಟಕಿಯಲ್ಲಿ ಕೈಬೀಸುತ್ತಾರೆ, ಅಷ್ಟೇ ಎಂದು ಹೇಳುತ್ತಿದ್ದಳು.

ಎರಡು ವಾರಕ್ಕೊಮ್ಮೆ ಬುಧವಾರ ಹಳೆಯ ಶಾಲೆಯ ಅಂಗಳಕ್ಕೆ ಗ್ರಂಥಾಲಯದ ಬಸ್ಸು ಬರುತ್ತದೆ. ಶಾಲೆ ಮುಚ್ಚಿದ್ದರೂ ಮೇಷ್ಟರ ಮನೆಯಲ್ಲಿ ನಾನೇ ಇದ್ದುದರಿಂದ ಅದು ಬರುವುದು ಹೋಗುವುದು ನನ್ನ ಕಣ್ಣೆದುರಿಗೇ. ಅದರ ಹಿಂದಿನ ಕಪಾಟಿನಲ್ಲಿ ಸಿನಿಮಾಗಳ ಡಿವಿಡಿಗಳನ್ನೂ ಇಡತೊಡಗಿದ ಹೊಸದರಲ್ಲಿ ಸೈಮಿ ಒಂದನ್ನು ಒಯ್ದು ನೋಡಿದರು. ಮರುದಿನ ಬೆಳಗ್ಗೆ ಅದನ್ನು ಚೀಲಕ್ಕೆ ಹಾಕಿ, ಹಿಮದ ಮೇಲೆ ಕಾಲಿನಿಂದ ಒದ್ದು ಓಡಿಸುವ ಜಾರುಬಂಡಿಯ ಹಿಡಿಗೆ ಆ ಚೀಲವನ್ನು ಸಿಕ್ಕಿಸಿ, ಅಕ್ಕತಂಗಿಯರಾದ ಇಂಪಿ ಮತ್ತು ಲ್ಯೂಲಿಯರ ಮನೆಗೆ ಹೋದರಂತೆ. ಇವತ್ತು ನೋಡಿ, ನಾಳೆ ಬಂದು ಕೇಳುತ್ತೇನೆ ಎಂದರಂತೆ. ಮರುದಿನ ಕೇಳಿ, ಡಿವಿಡಿಯನ್ನು ಮುಂದಿನ ಮನೆಗೆ ಒಯ್ದರು. ಹಾಗೆ ಶುರುವಾದದ್ದು ಹನ್ನೊಂದು ಮನೆಗೆ ಹಬ್ಬಿತು. ದಿನಕ್ಕೊಂದು ಮನೆ, ಕೊನೆಯ ಎರಡು ದಿನ ಸೈಮಿಯ ಬಳಿ, ಆಮೇಲೆ ವಾಪಸು ಬಸ್ಸಿಗೆ.

ಸುಮ್ಮನೆ ಕೈಯಿಂದ ಕೈಗೆ ದಾಟಿಸಿದ್ದರೆ ಅದರಲ್ಲಿ ವಿಶೇಷವೇನಿರಲಿಲ್ಲ. ಸೈಮಿ ಪ್ರತಿ ಮನೆಯಲ್ಲೂ ಕುಳಿತು ಅಭಿಪ್ರಾಯ ಕೇಳಿ ಬರೆದುಕೊಳ್ಳುತ್ತಿದ್ದರು. ಹಾಲಿನ ಪುಸ್ತಕಗಳಲ್ಲಿ ಬಳಸದೆ ಉಳಿದವು ಆಕೆಯ ಬಳಿ ಒಂದಷ್ಟು ಇದ್ದವು. ಪುಟಕ್ಕೊಂದು ಸಿನಿಮಾ, ಮನೆಗೊಂದು ಗೆರೆ. ಕೊಟ್ಟಿಗೆಗಳಲ್ಲಿ ಕಲಿತ ವಿದ್ಯೆಯೊಂದು ಆಕೆಗೆ ಇಲ್ಲಿ ಕೆಲಸಕ್ಕೆ ಬಂತು. ಮೊದಲ ಬಟ್ಟಲು ಕಾಫಿಯಲ್ಲಿ ಜನ 'ಪರವಾಗಿಲ್ಲ' ಎನ್ನುತ್ತಾರೆ. ಅದನ್ನು ಬರೆಯಬಾರದು. ಸುಮ್ಮನಿರಬೇಕು, ಕಿಟಕಿಯ ಹೊರಗೆ ನೋಡಬೇಕು, ಎರಡನೆಯ ಬಟ್ಟಲು ಬರುವವರೆಗೆ ಕಾಯಬೇಕು. ನಿಜ ಬರುವುದು ಆಗ.

ಎಂತಹ ನಿಜಗಳು! ಕೆರೆಯಂಚಿನ ಮನೆಯ ಮುದುಕ ಒಂದು ದೊಡ್ಡ ಯುದ್ಧದ ಸಿನಿಮಾ ನೋಡಿ, ಕುದುರೆಗೆ ಲಗಾಮನ್ನು ತಿರುವುಮುರುವಾಗಿ ಹಾಕಿದ್ದರು, ಅಲ್ಲಿಗೇ ನಿಲ್ಲಿಸಿದೆ ಎಂದಿದ್ದ. ಪ್ರೇಮಿಗಳು ಮೂರು ಗಂಟೆ ಮಾತನಾಡುವ ಚಿತ್ರವೊಂದಕ್ಕೆ ಇಂಪಿ ಬರೆಸಿದ್ದು: ನಮ್ಮ ಕಡೆಯವರಾಗಿದ್ದರೆ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು, ಮದುವೆಯೂ ಆಗುತ್ತಿತ್ತು. ತಂಗಿ ಲ್ಯೂಲಿ ಪತ್ತೇದಾರಿಯಲ್ಲಿ ಗಟ್ಟಿಗಿತ್ತಿ. ಕೊಲೆಗಾರನನ್ನು ಐದನೆಯ ನಿಮಿಷದಲ್ಲೇ ಕಂಡುಹಿಡಿದಿದ್ದರು, ಏಕೆಂದರೆ ಅವನು ಬೂಟು ಬಿಚ್ಚದೆ ಮನೆಯೊಳಕ್ಕೆ ಬಂದ. ಆಮೇಲೆ ಆ ಸಿನಿಮಾದಲ್ಲಿ ಎಲ್ಲರೂ ಬೂಟಿನಲ್ಲೇ ಬಂದರು. ಎಲ್ಲರೂ ಸೇರಿಯೇ ಕೊಂದದ್ದು ಎಂದು ಲ್ಯೂಲಿ ಕೊನೆಯವರೆಗೂ ವಾದಿಸಿದರು. ನನ್ನ ಗೆರೆಯಲ್ಲಿ ಸೈಮಿ ಒಮ್ಮೆ, "ಮೇಷ್ಟ್ರು. ಅರ್ಧಕ್ಕೆ ನಿದ್ದೆ. ಪೂರ್ತಿ ನೋಡಿದವರ ಹಾಗೆ ಮಾತು" ಎಂದು ಬರೆದಿದ್ದರು. ಅದು ಹೇಗೆ ಗೊತ್ತಾಯಿತೋ ನಾನು ಕೇಳಲಿಲ್ಲ.

ಈ ಪುಸ್ತಕವನ್ನು ಆಕೆ ಆಗ ಯಾರಿಗೂ ತೋರಿಸುತ್ತಿರಲಿಲ್ಲ; ಆ ಗೆರೆಗಳನ್ನು ನಾನು ಓದಿದ್ದು ಎಷ್ಟೋ ಕಾಲದ ಮೇಲೆ. ಮನೆಯವರಿಗೆ ಅವರವರ ಗೆರೆಯನ್ನು ಮಾತ್ರ ಓದಿ ಹೇಳುತ್ತಿದ್ದರು, ಹಾಲಿನ ಕಾಲದಲ್ಲಿ ಮಾಡುತ್ತಿದ್ದ ಹಾಗೆಯೇ.

ಹೀಗೆ ಆರು ವರ್ಷ ನಡೆಯಿತು. ಏಳನೆಯ ವರ್ಷದ ಜನವರಿಯಲ್ಲಿ ಪುರಸಭೆಯಿಂದ ಕಾಗದ ಬಂತು. ಕುರ್ಕಿವಾರದಲ್ಲಿ ಎರಡು ವಾರಕ್ಕೆ ಹೋಗುವುದು ಒಂದೋ ಎರಡೋ ಸಿನಿಮಾ, ನಾಲ್ಕೈದು ಪುಸ್ತಕ. ಓದುವವರೂ ನೋಡುವವರೂ ಇಲ್ಲದ ಕಡೆಗೆ ಬಸ್ಸನ್ನು ಕಳಿಸುವುದು ಕಷ್ಟ. ವಸಂತದಿಂದ ಈ ನಿಲುಗಡೆ ಇರುವುದಿಲ್ಲ; ಅದಕ್ಕೆ ಮೊದಲು ಊರಿನವರ ಮಾತು ಕೇಳಲು ಹಳೆಯ ಶಾಲೆಯಲ್ಲಿ ಒಂದು ಸಂಜೆ ಸಭೆ.

ಕಾಗದದ ಲೆಕ್ಕ ತಪ್ಪಿರಲಿಲ್ಲ, ತಪ್ಪಿದ್ದು ನಾವು. ಸೈಮಿಯ ಹೆಸರಿನಲ್ಲಿ ಒಮ್ಮೆ ಊರಿಗೆ ಬಂದ ಡಿವಿಡಿಯನ್ನು ಮತ್ತೆ ತಂತಮ್ಮ ಹೆಸರಿಗೆ ಬರೆಸಿಕೊಳ್ಳಬೇಕೆಂದು ಹನ್ನೊಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಮಾಡುತ್ತಿರಲಿಲ್ಲ. ಆಗಲೇ ಕಾದ ಸೌನಾಕ್ಕೆ, ನಮ್ಮ ಹಬೆಸ್ನಾನದ ಮನೆಗೆ, ಮತ್ತೆ ಬೆಂಕಿ ಹಾಕುವವರುಂಟೆ?

ಕಾಗದ ಬಂದ ದಿನ ಸೈಮಿ ನಮ್ಮ ಅಡುಗೆಮನೆಯಲ್ಲಿ ಕುಳಿತಿದ್ದರು. ಆಕೆಗೆ ಕಾರು ಬಿಡಲು ಬರುವುದಿಲ್ಲ. ಹತ್ತಿರದ ಗ್ರಂಥಾಲಯ ಐವತ್ತೆಂಟು ಕಿಲೋಮೀಟರು.

"ಪುಸ್ತಕ ತೋರಿಸಿಬಿಡಿ ಸೈಮಿ," ಎಂದೆ. "ಒಂದೊಂದು ಸಿನಿಮಾನೂ ಹನ್ನೊಂದು ಮನೇಲಿ ನೋಡಿದಾರೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?"

"ಅದು ನನ್ನ ಹತ್ರ ಹೇಳಿದ್ದು ಮೇಷ್ಟ್ರೇ. ಆಫೀಸಿನೋರ ಹತ್ರ ಹೇಳಿದ್ದಲ್ಲ."

"ಹಾಗಾದ್ರೆ ಬಸ್ಸು ಬರೋದೇ ನಿಲ್ಲುತ್ತೆ."

ಆಕೆ ಉಣ್ಣೆಯ ಕೈಗವಸುಗಳನ್ನು ಮಡಿಲಲ್ಲಿಟ್ಟು ಒಂದರ ಮೇಲೊಂದು ಜೋಡಿಸಿದರು. "ಹಸುಗಳು ಹೋದಾಗ ಒಂದು ಚಳಿಗಾಲ ಕಳೆದೆನಲ್ಲ," ಎಂದರು. "ಅಂಥದ್ದು ಇನ್ನೊಂದು ನನ್ನ ಕೈಲಾಗಲ್ಲ."

ಇಷ್ಟು ಹೇಳಲು ಆಕೆಗೆ ಮೂರನೆಯ ಬಟ್ಟಲೇ ಬೇಕಾಯಿತು.

ಕೊನೆಗೆ ಆಕೆ ತಮಗೆ ಸರಿಕಂಡ ದಾರಿಯನ್ನೇ ಹಿಡಿದರು. ಪುಸ್ತಕ ತೋರಿಸಬಹುದೇ ಎಂದು ಮನೆಮನೆಗೂ ಹೋಗಿ ಒಪ್ಪಿಗೆ ಕೇಳುವುದು. ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿನ ಚಳಿ, ಎಪ್ಪತ್ತಮೂರು ವಯಸ್ಸು, ನಾಲ್ಕು ದಿನ ಜಾರುಬಂಡಿಯ ಕಿರುಗುಟ್ಟುವ ಸದ್ದು ಊರಿನ ರಸ್ತೆಯಲ್ಲಿ ಕೇಳುತ್ತಿತ್ತು. ಕುದುರೆಯ ಮುದುಕ ಒಪ್ಪಿದ; ಲಗಾಮಿನ ವಿಷಯವನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆಯಬೇಕೆಂದ. ಇಂಪಿ ತಮ್ಮ ನಾಲ್ಕು ಅಭಿಪ್ರಾಯಗಳನ್ನು ಬದಲಾಯಿಸಬೇಕೆಂದರು. ಹಾಲಿನ ಪುಸ್ತಕದಲ್ಲಿ ತಿದ್ದುವ ಹಾಗಿಲ್ಲ ಎಂದು ಸೈಮಿ ಒಪ್ಪಲಿಲ್ಲ.

ಕೇಳದೆ ಉಳಿದದ್ದು ಆರ್ವಿ ಹೈಕೋಲನನ್ನು ಮಾತ್ರ. ಅವನು ನನ್ನ ಶಿಷ್ಯ. ಕಾಡಿನಲ್ಲಿ ಮರ ಕಡಿಯುವ ಯಂತ್ರ ನಡೆಸುತ್ತಾನೆ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದ ಆಳು. ನಾಲ್ಕು ವರ್ಷಗಳ ಹಿಂದೆ ಹೆಂಡತಿಯನ್ನು ಮಣ್ಣು ಮಾಡಿದ ದಿನ, ಬಂದವರಿಗೆಲ್ಲ ತಾನೇ ಕಾಫಿ ಕೊಟ್ಟು, ಬಟ್ಟಲುಗಳನ್ನು ತೊಳೆದಿಟ್ಟು, ಮಾರನೆಯ ಬೆಳಗ್ಗೆ ಕೆಲಸಕ್ಕೆ ಹೋಗಿದ್ದ. ಕಲ್ಲು ಮನುಷ್ಯ ಎಂದು ಊರಿನಲ್ಲಿ ಕೆಲವರು ಆಡಿಕೊಂಡರು. ಸೈಮಿ ಅವನ ಮನೆಯಲ್ಲಿ ಮೂರು ಬಟ್ಟಲು ಕುಡಿದು, ಹಿಮದ ವಿಷಯ ಮಾತನಾಡಿ, ಕೇಳಲಾರದೆ ಎದ್ದು ಬಂದರು. ಆ ಸಂಜೆ ನನ್ನಿಂದ ಅಂಟು ಕೇಳಿ ಪಡೆದು, ಒಂದು ಪುಟದ ಒಂದು ಗೆರೆಯ ಮೇಲೆ ಬಿಳಿಯ ಕಾಗದದ ಪಟ್ಟಿ ಅಂಟಿಸಿದರು.

ಸಭೆಗೆ ಬಂದ ಪುರಸಭೆಯ ಸಂಸ್ಕೃತಿ ಕಾರ್ಯದರ್ಶಿ ಚಿಕ್ಕ ವಯಸ್ಸಿನ ಹೆಂಗಸು. ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲಿ ಒಳಗೆ ಬಂದಳು. "ಇವಳು ಕೊಲೆಗಾರ್ತಿಯಲ್ಲ ಬಿಡಿ," ಎಂದು ಲ್ಯೂಲಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಕಾರ್ಯದರ್ಶಿ ಗೋಡೆಯ ಮೇಲೆ ಅಂಕಿಗಳನ್ನು ತೋರಿಸಿ, ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದಳು. ಇಪ್ಪತ್ತಮೂರು ಜನ ಮೇಜಿನ ಹಲಗೆಯನ್ನೇ ನೋಡುತ್ತ ಕುಳಿತೆವು. ಆಕೆ ಇನ್ನೊಮ್ಮೆ ಕೇಳಿದಳು. ಹಿಂದಿನ ಬೆಂಚಿನಿಂದ ಯಾರೋ, ಬಸ್ಸು ಪರವಾಗಿಲ್ಲ ಎಂದರು. ನಮ್ಮಲ್ಲಿ ಅದು ದೊಡ್ಡ ಹೊಗಳಿಕೆ. ಆಕೆಗೆ ಹೇಗೆ ಗೊತ್ತಾಗಬೇಕು?

ಆಗ ಸೈಮಿ ಎದ್ದು ಹೋಗಿ ಪುಸ್ತಕವನ್ನು ಆಕೆಯ ಮುಂದಿಟ್ಟರು. ಆಕೆ ಒಂದು ಪುಟ ತಿರುವಿದಳು, ಇನ್ನೊಂದು ತಿರುವಿದಳು. ಮೂರನೆಯದರಲ್ಲಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ಕುದುರೆಯ ಪುಟವಿರಬೇಕು. ಅಷ್ಟರಲ್ಲಿ ಕಾಫಿ ಬಂತು, ಆಕೆಯ ಬಟ್ಟಲು ಆರಿ ತಣ್ಣಗಾಯಿತು, ಓದುತ್ತಲೇ ಇದ್ದಳು. ಒಂದೊಂದು ಸಿನಿಮಾಕ್ಕೂ ಹನ್ನೊಂದು ಗೆರೆಗಳನ್ನು ಬೆರಳಿಟ್ಟು ಎಣಿಸಿ ತನ್ನ ಕಾಗದದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ನಡುವೆ ತಲೆಯೆತ್ತಿ, ಇದರಲ್ಲಿ ನಿಮ್ಮ ಮನೆಯ ಗೆರೆ ಯಾವುದು ಎಂದು ಸೈಮಿಯನ್ನು ಕೇಳಿದಳು.

"ನಂದಿಲ್ಲ," ಎಂದರು ಸೈಮಿ. "ಅಳೆಯೋಳಿಗೆ ಹಸು ಇರಲ್ಲ."

ಆಮೇಲೆ ಕಾರ್ಯದರ್ಶಿ ಒಂದು ಪುಟದಲ್ಲಿ ನಿಂತಳು. ಸಿನಿಮಾದ ಹೆಸರನ್ನು ಗಟ್ಟಿಯಾಗಿ ಓದಿದಳು. ರೈಲ್ವೆಯಲ್ಲಿ ಕೆಲಸ ಮಾಡುವವನೊಬ್ಬ ಹೆಂಡತಿ ಸತ್ತ ಮೇಲೂ ದಿನಾ ಇಬ್ಬರಿಗೆಂದು ತಟ್ಟೆ ಇಡುವ ಕಥೆ ಅದು. ಇಲ್ಲಿ ಹತ್ತೇ ಗೆರೆಗಳಿವೆಯಲ್ಲ, ಈ ಪಟ್ಟಿಯ ಕೆಳಗೆ ಏನಿದೆ ಎಂದು ಕೇಳಿದಳು.

"ಅದು ಲೆಕ್ಕಕ್ಕೆ ಬೇಡ," ಎಂದರು ಸೈಮಿ. "ಹತ್ತು ಅಂತಲೇ ಬರ್ಕೊಳ್ಳಿ."

ಕಿಟಕಿಯ ಪಕ್ಕದಲ್ಲಿ ಬೆಂಚು ಕಿರ್ರೆಂದಿತು. ಆರ್ವಿ ಎದ್ದು ನಿಂತಿದ್ದ. ಶಾಲೆಯಲ್ಲಿ ಉತ್ತರ ಹೇಳಲು ನಿಲ್ಲಿಸಿದಾಗ ನಿಲ್ಲುತ್ತಿದ್ದ ಹಾಗೆಯೇ, ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ.

"ಅದು ನಂದು," ಎಂದ. "ಕಿತ್ತು ಓದಿ."

"ಆರ್ವಿ, ಬೇಡ ಕಣೋ," ಎಂದರು ಸೈಮಿ.

"ನಾನು ಅತ್ತೆ. ಸೌದೆ ಕೊಟ್ಟಿಗೇಲಿ ಕೂತು ಅತ್ತೆ. ಅದೇ ಇರೋದು ಅದ್ರಲ್ಲಿ." ಕೈಗಳನ್ನು ಜೇಬಿಗೆ ತುರುಕಿ, ಮತ್ತೆ ಹೊರಗೆ ತೆಗೆದ. "ಎರಡು ಸಲ ನೋಡಿದೀನಿ. ಬೆಳಗ್ಗೆ ಸೈಮಿ ಬರೋಕೆ ಮುಂಚೆ ಇನ್ನೊಂದ್ಸಲ ನೋಡ್ದೆ. ಅದನ್ನ ಅವ್ರಿಗೂ ಹೇಳಿಲ್ಲ. ಹನ್ನೆರಡು ಅಂತ ಬರ್ಕೊಳ್ಳಿ."

ಹೇಳಿ ಕುಳಿತ. ಯಾರೂ ಅವನ ಕಡೆ ತಿರುಗಲಿಲ್ಲ. ನಮ್ಮಲ್ಲಿ ಮರ್ಯಾದೆ ಕೊಡುವ ರೀತಿ ಅದು. ಅವನ ಪಕ್ಕದಲ್ಲಿದ್ದ ಕೆರೆಯಂಚಿನ ಮುದುಕ ಮಾತ್ರ ಬನ್ನಿನ ತಟ್ಟೆಯನ್ನು ಮೆಲ್ಲಗೆ ಅವನ ಮುಂದಕ್ಕೆ ಸರಿಸಿದ. ಕಾರ್ಯದರ್ಶಿ ಪಟ್ಟಿಯನ್ನು ಕೀಳಲಿಲ್ಲ. ಹನ್ನೆರಡು ಎಂದು ಬರೆದುಕೊಂಡಳು.

ಬಸ್ಸು ಉಳಿಯಿತು. ಮೂರು ವಾರದ ನಂತರ ಬಂದ ಕಾಗದದಲ್ಲಿ ಒಂದು ವರ್ಷದ ಮಟ್ಟಿಗೆ ಎಂದಿತ್ತು. ಜೊತೆಗೆ ಒಂದು ಷರತ್ತು: ಇನ್ನು ಮುಂದೆ ನೋಡುವವರೆಲ್ಲ ತಂತಮ್ಮ ಹೆಸರಿನಲ್ಲೇ ಪಡೆಯಬೇಕು, ಹಾಲಿನ ಪುಸ್ತಕವನ್ನು ಅಂಕಿಅಂಶವೆಂದು ಹಿಡಿಯಲು ಬರುವುದಿಲ್ಲ.

ಷರತ್ತನ್ನು ನಮ್ಮವರು ಅಕ್ಷರಶಃ ಪಾಲಿಸಿದರು. ಮುಂದಿನ ಬುಧವಾರ ಹನ್ನೊಂದು ಮನೆಯವರೂ ಬಸ್ಸಿನಲ್ಲಿ ಸಾಲಾಗಿ ನಿಂತೆವು. ಆರ್ವಿ ಆ ರೈಲ್ವೆಯವನ ಸಿನಿಮಾವನ್ನೇ ಕೇಳಿ ತರಿಸಿದ್ದ. ಮೊದಲು ನಾನು ನನ್ನ ಹೆಸರಿಗೆ ಬರೆಸಿಕೊಂಡು, ಅಲ್ಲೇ ವಾಪಸು ಕೊಟ್ಟೆ. ನನ್ನ ಹಿಂದಿದ್ದ ಇಂಪಿ ಬರೆಸಿಕೊಂಡರು, ವಾಪಸು ಕೊಟ್ಟರು. ಆಮೇಲೆ ಕುದುರೆಯ ಮುದುಕ. ಡಿವಿಡಿಯ ಗುರುತು ಓದುವ ಯಂತ್ರ ಒಂದೇ ಸಮನೆ ಕುಂಯ್ ಕುಂಯ್ ಎನ್ನುತ್ತಿತ್ತು. ಬಸ್ಸು ನಡೆಸುವ ರೀಟ್ಟಾ ಒಮ್ಮೆಯೂ ನಗಲಿಲ್ಲ. ಪ್ರತಿಯೊಬ್ಬರಿಗೂ ಚೆನ್ನಾಗಿ ನೋಡಿ ಎಂದಳು, ಪ್ರತಿಯೊಬ್ಬರಿಂದಲೂ ಇಷ್ಟು ಬೇಗ ಮುಗಿಯಿತೇ ಎಂದು ವಾಪಸು ಪಡೆದಳು. ಕೊನೆಯಲ್ಲಿ ಅದು ಸೈಮಿಯ ಚೀಲ ಸೇರಿತು. ಮರುದಿನದಿಂದ ಯಥಾಪ್ರಕಾರ ಮನೆಮನೆಗೆ ಹೊರಟಿತು.

ಎರಡು ವಾರ ಕಳೆದು ಅದನ್ನು ಹಿಂದಿರುಗಿಸಿದ ಬುಧವಾರ ಸೈಮಿ ನಮ್ಮ ಮನೆಗೆ ಬಂದು ಕುಳಿತರು. ಆರ್ವಿಯೂ ಬಂದಿದ್ದ. ಪುಸ್ತಕ ಮೇಜಿನ ಮೇಲಿತ್ತು, ಆ ಸಿನಿಮಾಕ್ಕೆಂದು ತೆಗೆದ ಹೊಸ ಪುಟದಲ್ಲಿ ಹನ್ನೊಂದು ಗೆರೆಗಳೂ ತುಂಬಿದ್ದವು. ಆರ್ವಿ ಅದನ್ನು ತನ್ನ ಕಡೆ ಎಳೆದುಕೊಂಡು, ಪೆನ್ಸಿಲನ್ನು ತೆಗೆದುಕೊಂಡು, ಕೆಳಗೆ ಇನ್ನೊಂದು ಗೆರೆ ಎಳೆದ.

"ನಿಮಗೆ ಹೇಗನ್ನಿಸ್ತು ಸೈಮಿ?"

ಆರು ವರ್ಷದಲ್ಲಿ ಆಕೆಯನ್ನು ಯಾರೂ ಹಾಗೆ ಕೇಳಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು. ಮೇಷ್ಟರಾದ ನನಗಾದರೂ ಮೊದಲೇ ಹೊಳೆಯಬೇಕಿತ್ತು.

"ಪರವಾಗಿಲ್ಲ," ಎಂದರು ಸೈಮಿ.

ಆರ್ವಿ ಬರೆಯಲಿಲ್ಲ. ಕಿಟಕಿಯ ಹೊರಗೆ ನೋಡಿದ. ನಾನು ಎದ್ದು ಆಕೆಯ ಬಟ್ಟಲನ್ನು ಮತ್ತೆ ತುಂಬಿಸಿದೆ. ಆಕೆ ಅದನ್ನು ಬಹಳ ಹೊತ್ತು ತಿರುಗಿಸುತ್ತ ಕುಳಿತಿದ್ದರು.

"ಆ ಎರಡನೇ ತಟ್ಟೆ," ಎಂದರು ಆಮೇಲೆ. "ಅದ್ರಲ್ಲಿ ಯಾರೂ ಉಂಡಿರಲ್ಲ. ಆದ್ರೂ ಅವನು ತೊಳೆದೇ ಇಡ್ತಾನೆ. ಅದು ಸಿನಿಮಾದೋರಿಗೆ ಹೇಗೆ ಗೊತ್ತಾಯ್ತು ಅಂತೀನಿ."

ಆರ್ವಿ ತಲೆದೂಗಿದ. ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರದಲ್ಲಿ, ನಾಲಿಗೆಯನ್ನು ಹಲ್ಲಿಗೆ ಒತ್ತಿ ಹಿಡಿದು, ಒಂದಕ್ಷರವನ್ನೂ ಬಿಡದೆ ಅದನ್ನು ಬರೆದುಕೊಂಡ.