ತೂತಿಲ್ಲದ ಎಲೆ

ಬೆಂದ ಸೊಪ್ಪಿಗೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದಾಗ ಏಳುವ ವಾಸನೆ ಯಾವ ಮನೆಯಿಂದ ಬಂದರೂ ನಾನು ಇಂದಿಗೂ ಬೀದಿಯಲ್ಲಿ ನಿಂತುಬಿಡುತ್ತೇನೆ. ಮೊದಲು ಹಸಿವಾಗುತ್ತದೆ, ಅದರ ಹಿಂದೆಯೇ ಭಯ ಬರುತ್ತದೆ. ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನಾನು, ಇದುವರೆಗೆ ಯಾರಿಗೂ ತಿಳಿಸದ ಸಂಗತಿಯೊಂದನ್ನು, ಅಂತಹ ಅಡುಗೆಮನೆಯನ್ನು ಕಳೆದುಕೊಂಡಿರುವ ಓದುಗರಲ್ಲಿ ಈ ಮೂಲಕ ನಿವೇದಿಸಿಕೊಳ್ಳುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಅಜ್ಜಂಪುರದ ಸಮೀಪದ ನಮ್ಮ ಹಳ್ಳಿಯಲ್ಲಿ ಎರಡು ಹದ ಮಳೆ ಬಿದ್ದರೆ ಸಾಕು, ಹೊಲದ ಸಾಲುಗಳ ನಡುವೆ ಅಣ್ಣೆಸೊಪ್ಪು, ಕಿರಕಸಾಲೆ, ಗೋಣಿಸೊಪ್ಪು ತಾವಾಗಿಯೇ ಏಳುತ್ತಿದ್ದವು. ಬಿತ್ತದೆ ಬೆಳೆದ ಸೊಪ್ಪಿಗೆ ಒಡೆಯರಿರಲಿಲ್ಲ. ಯಾರ ಹೊಲದಲ್ಲಿ ಯಾರು ಬೇಕಾದರೂ ಕೇಳದೆ ಕೀಳಬಹುದಾಗಿತ್ತು. ಅಜ್ಜಿ ಅವನ್ನೆಲ್ಲ ಬೆರೆಸಿ, ತೊಗರಿಬೇಳೆಯೊಂದಿಗೆ ಬೇಯಿಸಿ, ಹಸಿಮೆಣಸಿನಕಾಯಿ, ಹುಣಸೆಹಣ್ಣು ಹಾಕಿ ಕಡಗೋಲಿನಿಂದ ಮಸೆಯುತ್ತಿದ್ದಳು. ಬಿಸಿ ರಾಗಿಮುದ್ದೆಯ ಸುತ್ತ ಆ ಮಸ್ಸೊಪ್ಪು ಹರಡಿಕೊಳ್ಳುವಾಗ ತುಪ್ಪ ಅದರ ಮೇಲೆ ಹಸಿರಾಗಿ ಹೊಳೆಯುತ್ತಿತ್ತು. ಆದರೆ ಬೆರಕೆಯಲ್ಲಿ ಅರಿಯದ ಎಲೆ ಸೇರಿರಬಹುದಾದ್ದರಿಂದ, ಪ್ರತಿ ಸಲವೂ ಅದನ್ನು ಮೊದಲು ಮನೆಯ ಹಿರಿಯರು ಉಂಡು, ಎಲೆಯಡಿಕೆ ಹಾಕಿ ಮುಗಿಸುವವರೆಗೂ ಉಳಿದವರು ತಟ್ಟೆ ಮುಟ್ಟುವಂತಿರಲಿಲ್ಲ. ನಮ್ಮ ಮನೆಯಲ್ಲಿ ಆ ಹಿರಿಯಳು ಅಜ್ಜಿಯೇ.

ಹುಳ ತಿಂದು ತೂತಾದ ಎಲೆಯನ್ನೇ ಕೀಳಬೇಕೆಂಬುದು ಅವಳ ಕಟ್ಟುನಿಟ್ಟು. ಕಡೂರಿನ ಪೇಟೆಯಿಂದ ಬಂದಿದ್ದ ಅತ್ತೆ ಇದಕ್ಕಾಗಿ ನನ್ನನ್ನು ಹಂಗಿಸಿದ್ದಳು. "ಏನೇ ಗಿರಿಜಾ, ಹುಳದ ಎಂಜಲು ತಂದು ನಮ್ಗೆ ಇಕ್ತೀಯಾ? ನಿನ್ನ ಕಣ್ಗೆ ಒಂದು ಒಳ್ಳೇ ಎಲೆ ಬೀಳ್ಲಿಲ್ವೇನೇ?"

"ತಿಂದ ಹುಳ ಬದುಕೈತಲ್ಲ, ಅದ್ಕೇ ನಮ್ಗೂ ಆಗ್ತೈತೆ," ಎಂದು ಅಜ್ಜಿ ನಕ್ಕಳು. ನನಗೆ ನಗು ಬರಲಿಲ್ಲ. ನನಗಾಗ ಒಂಬತ್ತು ವರ್ಷ.

ಮರುದಿನ ಬೆಳಿಗ್ಗೆ, ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿಯನ್ನು ಕೈಹಿಡಿದು ನೆರೆಯ ಬಸಣ್ಣನ ಹತ್ತಿಹೊಲಕ್ಕೆ ಕರೆದೊಯ್ದೆ. ಅಲ್ಲಿ ಸೊಪ್ಪು ಮೊಣಕಾಲೆತ್ತರ, ಎಲೆಗಳು ಮಚ್ಚೆಯಿಲ್ಲದೆ ತುಂಬಿಕೊಂಡಿದ್ದವು. ಚಿಟ್ಟೆಯಿರಲಿಲ್ಲ, ಮಿಡತೆ ಹಾರಲಿಲ್ಲ. ಬದುವಿನ ಮೇಲೆ ಕಟ್ಟಿರುವೆಗಳು ಸಾಲಾಗಿಯೇ ಸತ್ತುಬಿದ್ದಿದ್ದವು. ಹೊಲದ ಮೂಲೆಯ ಬಿದಿರ ಗಳುವಿಗೆ ಖಾಲಿ ಡಬ್ಬಿಯೊಂದನ್ನು ತಲೆಕೆಳಗಾಗಿ ಕಟ್ಟಲಾಗಿತ್ತು. ಫಸಲಿಗೆ ದೃಷ್ಟಿಯಾಗದಿರಲೆಂದು ಬಸಣ್ಣ ಅದನ್ನು ಕಟ್ಟಿರಬೇಕೆಂದು ನಾನು ಭಾವಿಸಿದೆ. ವಾರಗಳಿಂದ ಹುಳಕ್ಕೆ ಹೊಸ ಔಷಧಿ ಹೊಡೆಸುತ್ತಿದ್ದವನು ಹಿಂದಿನ ದಿನವೂ ಹೊಡೆಸಿ, ಜನ ಇಳಿಯದಿರಲೆಂದು ಗುರುತಿಗೆ ಕಟ್ಟಿದ್ದನೆಂಬುದು ತಡವಾಗಿ ತಿಳಿಯಿತು.

ಅಜ್ಜಿ ಒಂದು ಎಲೆಯ ಮೇಲೆ ಹೆಬ್ಬೆರಳಾಡಿಸಿ ನಿಂತಳು.

"ತೂತು ಅವೆಯೇನೇ? ನನ್ನ ಬೆರಳು ಒರಟಾಗ್ಹೋಗೈತೆ, ಏನೂ ತಿಳೀವಲ್ದು."

"ಅವೆ ಕಣಜ್ಜಿ."

"ಬೇಕಾದಷ್ಟು?"

"ಬೇಕಾದಷ್ಟು ಅವೆ."

ಅವಳು ಎಲೆಯನ್ನು ಮಡಿಲಿಗೆ ಹಾಕಿಕೊಂಡಳು.

ಮಧ್ಯಾಹ್ನ ಎಂದಿನಂತೆ ಅಜ್ಜಿ ಮೊದಲು ಉಂಡಳು. ನಾವು, ಅಂದರೆ ಅಪ್ಪ, ಅವ್ವ, ಅತ್ತೆ ಮತ್ತು ನಾನು, ತಟ್ಟೆಗಳ ಮುಂದೆ ಕುಳಿತು ಕಾದೆವು. ಒಗ್ಗರಣೆಯ ವಾಸನೆ ಮನೆ ತುಂಬಿತ್ತು. "ಬೇಗ ಬೇಗ ಅಗಿಯವ್ವಾ, ಹೊಟ್ಟೆ ಚುರ್ ಅಂತೈತೆ," ಎಂದು ಅತ್ತೆ ಗೊಣಗಿದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಬೆರಳು ನಡುಗಿ ಸುಣ್ಣ ಸೀರೆಯ ಮೇಲೆ ಬಿತ್ತು. ಹಣೆಯಲ್ಲಿ ಬೆವರು ಮೂಡಿತು, ಬಾಯಿಂದ ಜೊಲ್ಲು ಸುರಿಯಿತು. ತಟ್ಟೆಯತ್ತ ಚಾಚಿದ್ದ ನನ್ನ ಕೈಯನ್ನು ಅವಳು ಬಲವಾಗಿ ದೂಡಿದಳು.

ಗಾಡಿ ಕಟ್ಟುವಾಗ ಅಪ್ಪ ಕೇಳಿದರು, "ಎಲ್ಲಿ ಕಿತ್ರಿ ಸೊಪ್ನ? ಯಾರು ಆರ್ಸಿದ್ದು?"

"ನಾನೇ ಕಣೋ," ಎಂದಳು ಅಜ್ಜಿ ತೊದಲುತ್ತ. "ಮಗು ಬ್ಯಾಡ ಅಂತು. ನನ್ ಕಣ್ಣಿಗೆ ಕಾಣ್ಲಿಲ್ಲ."

ನಾನು ಬೇಡವೆಂದಿರಲಿಲ್ಲ. ಸದರಿ ಹೇಳಿಕೆಯನ್ನು ನಾನು ಅಂದೂ ತಿದ್ದಲಿಲ್ಲ, ಮುಂದೆಯೂ ತಿದ್ದಲಿಲ್ಲ. ತರೀಕೆರೆಯ ಆಸ್ಪತ್ರೆ ಸೇರುವ ಮೊದಲೇ, ಗಾಡಿಯಲ್ಲಿಯೇ, ಅವಳ ಉಸಿರು ನಿಂತಿತು. ಅಡುಗೆಮನೆಯಲ್ಲಿ ನಮ್ಮ ನಾಲ್ಕು ತಟ್ಟೆಗಳು ಮುಟ್ಟದೆ ಹಾಗೆಯೇ ಇದ್ದವು. ಅವ್ವ ಆ ಕಡಗೋಲನ್ನು ಸೂರಿಗೆ ಸಿಕ್ಕಿಸಿದವಳು ಮತ್ತೆಂದೂ ಕೆಳಗಿಳಿಸಲಿಲ್ಲ.

ಆ ಮನೆ ಈಗಿಲ್ಲ. ಕಳೆದ ವಾರ ಕಡೂರಿನ ಬಸ್ ನಿಲ್ದಾಣದ ಬಳಿ ಹೆಂಗಸೊಬ್ಬಳು ಅಣ್ಣೆಸೊಪ್ಪು ಮಾರುತ್ತಿದ್ದಳು. ನಾನು ಒಂದೊಂದೇ ಎಲೆ ಮಗುಚುವುದನ್ನು ನೋಡಿ, "ಹುಡುಕ್ಬೇಡಿ ಕಣ್ರೀ, ಒಂದ್ರಾಗೂ ತೂತಿಲ್ಲ," ಎಂದಳು ಹೆಮ್ಮೆಯಿಂದ. ಕಟ್ಟನ್ನು ಮೆಲ್ಲಗೆ ಕೆಳಗಿಟ್ಟೆ. ಹೆಬ್ಬೆರಳು ಮಾತ್ರ ಇನ್ನೂ ಎಲೆಯ ಮೇಲೆ ಆಡುತ್ತಿರುವಂತಿತ್ತು.

"ಇಲ್ಲ ಕಣಜ್ಜಿ," ಎಂದೆ. "ಒಂದೂ ಇರ್ಲಿಲ್ಲ."