ಮರ ಅಣ್ಣನಿಗೆ, ಮುಳಿ ತಂಗಿಗೆ

ನಮ್ಮ ಮನೆಯ ಹಿಂದಿನ ಗುಡ್ಡೆಯನ್ನು ಅಜ್ಜ ಪಾಲು ಮಾಡಿದ ಕ್ರಮವನ್ನು ಈಗಿನವರಿಗೆ ಹೇಳಿದರೆ ನಗುತ್ತಾರೆ. ನಡುವೆ ಗಡಿಕಲ್ಲು ಹಾಕಿ ಆಚೆಯದ್ದು ಒಬ್ಬರಿಗೆ, ಈಚೆಯದ್ದು ಇನ್ನೊಬ್ಬರಿಗೆ ಅಂತ ಮಾಡಿದ್ದಲ್ಲ. ಇಡೀ ಗುಡ್ಡೆ ಇಬ್ಬರಿಗೂ. ಅದರಲ್ಲಿರುವ ಮರ ನನ್ನ ಅಪ್ಪನಿಗೆ, ಮುಳಿ ಅಪ್ಪನ ತಂಗಿಗೆ, ಅಂದರೆ ನನ್ನ ಅತ್ತೆಗೆ. ಮುಳಿ ಅಂದರೆ ಎದೆಮಟ್ಟ ಬೆಳೆಯುವ, ಮನೆಯ ಮಾಡಿಗೆ ಹೊದೆಸುವ ಹುಲ್ಲು. ಇದೆಲ್ಲ ಬಾಯಿಮಾತಿನಲ್ಲೇ ಆದದ್ದು, ಸಾಯುವ ಕಾಲಕ್ಕೆ ಅಜ್ಜ ಇಬ್ಬರನ್ನೂ ಹತ್ತಿರ ಕೂರಿಸಿಕೊಂಡು ಹೇಳಿದ್ದು.

ಅತ್ತೆ ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ಪಂಜದ ಕಡೆಯಿಂದ ತವರಿಗೆ ಮರಳಿದವಳು. ಅಣ್ಣನ ಒಲೆಯ ಬುಡದಲ್ಲಿ ಕೂತು ಮುದುಕಿಯಾಗಲು ಅವಳು ಒಪ್ಪಲಿಲ್ಲ. ಗುಡ್ಡೆಯ ಬುಡದಲ್ಲಿ ಸಣ್ಣದೊಂದು ಮನೆ ಕಟ್ಟಿಸಿಕೊಂಡಳು. ಮುಳಿ ಕೊಯ್ದು, ಒಣಗಿಸಿ, ಸೂಡಿ ಕಟ್ಟಿಟ್ಟರೆ ಮಾಡು ಹೊದೆಸುವವರು ಬಂದು ಅಕ್ಕಿ ಕೊಟ್ಟು ಹೊತ್ತುಕೊಂಡು ಹೋಗುತ್ತಿದ್ದರು. "ನಾನು ಯಾರ ಅನ್ನವೂ ತಿನ್ನುದಿಲ್ಲಪ್ಪ, ನನ್ನ ಮುಳಿಯ ಅನ್ನ ತಿನ್ನುದು" ಅಂತ ನೆಂಟರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ನನಗೆ ಅವಳ ಆ ಜಂಬ ಬಹಳ ಇಷ್ಟ.

ಆಗ ಗುಡ್ಡೆಯಲ್ಲಿ ಮರ ಅಂದರೆ ಅಲ್ಲೊಂದು ನೆಲ್ಲಿ, ಇಲ್ಲೊಂದು ದಡ್ಡಾಲ, ತುದಿಯಲ್ಲಿ ಒಂದೆರಡು ಮತ್ತಿ. ಎಲ್ಲವೂ ದಪ್ಪ ತೊಗಟೆಯವು, ಬುಡ ಕಪ್ಪಾದವು. ನಡುವೆ ಪೂರಾ ಮುಳಿ. ಕೊಯ್ಲು ಮುಗಿದ ಮೇಲೆ ಬೇಸಗೆಯಲ್ಲಿ ಕೂಳೆಗೆ ಬೆಂಕಿ ಹಾಕುವುದು ಹಿಂದಿನಿಂದ ಬಂದ ಕ್ರಮ. ಸುಟ್ಟು ಕರಿಯಾದ ಗುಡ್ಡೆ ಮೊದಲ ಮಳೆಗೇ ಹಸಿರಾಗುತ್ತಿತ್ತು. ಅಣ್ಣನದ್ದೂ ತಂಗಿಯದ್ದೂ ಒಂದೇ ಮಣ್ಣಿನಲ್ಲಿ ಜಗಳವಿಲ್ಲದೆ ಬೆಳೆಯುತ್ತಿದ್ದವು. ಆ ನ್ಯಾಯ ನೋಡಿಕೊಳ್ಳುತ್ತಿದ್ದದ್ದು ಬೆಂಕಿ ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಗಾಳಿ ತಿರುಗಿ ಬೆಂಕಿ ಅತ್ತೆಯ ಬೇಲಿ ದಾಟಿತು. ಮಾಡಿನ ಅಂಚು ಹೊಗೆಯಾಡಿತು. ಎಲ್ಲರೂ ಹಸಿ ಸೊಪ್ಪಿನಿಂದ ಬಡಿದು ನಂದಿಸಿದರು. ಅತ್ತೆ ಸೊಪ್ಪು ಹಿಡಿದುಕೊಂಡೇ ಅಂಗಳದಲ್ಲಿ ಕುಸಿದು ಅತ್ತಳು.

"ಅಣ್ಣಾ, ಇನ್ನು ಗುಡ್ಡೆಗೆ ಬೆಂಕಿ ಬೇಡ. ಅನ್ನ ಕೊಡುವ ಮುಳಿಯನ್ನು ವರ್ಷ ವರ್ಷ ಸುಡುದು ಎಂತಕ್ಕೆ? ಸುಮ್ಮನೆ ಬಿಟ್ಟರೆ ಇನ್ನೂ ಚಂದ ಬರ್ಲಿಕ್ಕಿಲ್ವಾ?"

"ಸರಿ ಮಾರಾಯ್ತಿ, ಅಳಬೇಡ. ಬೇಡ ಅಂದ್ರೆ ಬೇಡ" ಅಂದರು ಅಪ್ಪ.

ಅಪ್ಪ ಮಾತು ಕೊಟ್ಟರೆ ಮುಗಿಯಿತು. ಬೇಸಗೆ ಬಂತೆಂದರೆ ಗುಡ್ಡೆಯ ಸುತ್ತ ಹುಲ್ಲು ಕೆತ್ತಿಸುವುದು, ಬೀಡಿ ಸೇದುತ್ತ ಹೋಗುವವರಿಗೆ ಬೈಯುವುದು, ಅದೇ ಅವರ ಕೆಲಸ. ಒಂದು ಕಿಡಿ ಬೀಳದ ಹಾಗೆ ಕಾದರು, ಪುಣ್ಯಾತ್ಮ.

ಮೊದಮೊದಲು ಮುಳಿ ಚೆನ್ನಾಗಿಯೇ ಇತ್ತು. ಆಮೇಲೆ ಹಳೆಯ ಕೂಳೆ ದಪ್ಪಗೆ ಮುದ್ದೆಯಾಗಿ ಹೊಸ ಚಿಗುರನ್ನು ಅಮುಕತೊಡಗಿತು. ಮೊಣಕಾಲೆತ್ತರಕ್ಕೆ ಬರುವ ಮೊದಲೇ ಪ್ರತಿವರ್ಷ ಸುಟ್ಟುಹೋಗುತ್ತಿದ್ದ ಸಸಿಗಳೆಲ್ಲ ತಲೆ ಎತ್ತಿದವು. ಕುಂಟುನೇರಳೆಯಂತೆ, ನೆಲ್ಲಿಯಂತೆ, ಹೆಸರು ಗೊತ್ತಿಲ್ಲದ ಬಳ್ಳಿಗಳಂತೆ! ನಾನು ನರಿಮೊಗರಿನ ನೆಂಟರ ಮನೆಯಲ್ಲಿದ್ದು ಓದುತ್ತಿದ್ದೆ. ರಜೆಗೆ ಬಂದಾಗಲೆಲ್ಲ ಗುಡ್ಡೆಯ ನೆರಳು ಹೆಚ್ಚಾಗಿರುತ್ತಿತ್ತು, ಅತ್ತೆಯ ಸೂಡಿಗಳು ಕಡಿಮೆಯಾಗಿರುತ್ತಿದ್ದವು.

ಊರ ಬಾಯಿ ಸುಮ್ಮನಿರುತ್ತದೆಯೇ? "ಅಣ್ಣ ಭಾರೀ ಉಪಾಯದವ ಮಾರಾಯ್ರೆ. ತಂಗಿಯ ಪಾಲನ್ನು ಮರದ ಕೈಯಲ್ಲಿ ನುಂಗಿಸಿದ" ಅಂದರು. ಆ ಬಾಯಿಗಳಿಗೆ ಮಣ್ಣು ತುಂಬಬೇಕು ಅಂತ ಈಗಲೂ ನನ್ನ ಮೈ ಉರಿಯುತ್ತದೆ. ಅಪ್ಪ ಕತ್ತಿ ಹಿಡಿದು ತಾವೇ ಗುಡ್ಡೆ ಹತ್ತಿ ಕಂಡಕಂಡ ಮರ ಕಡಿದರು. ಮಳೆ ಬಂದದ್ದೇ ತಡ, ಒಂದು ಬುಡದಿಂದ ನಾಲ್ಕು ಚಿಗುರು ಎದ್ದವು. ಅವರು ಆ ಚಿಗುರುಗಳನ್ನು ನೋಡುತ್ತ ನಿಂತದ್ದನ್ನು ನಾನು ನೋಡಿದ್ದೇನೆ.

ಕೊನೆಗೆ ಅತ್ತೆಯೇ ಬಂದು "ಬೆಂಕಿ ಹಾಕಿ ನೋಡುವ ಅಣ್ಣಾ" ಅಂದಳು. ಮನೆಗೆ ಹತ್ತಿದರೆ ಹತ್ತಲಿ ಅಂತ ತನ್ನ ಪಾತ್ರೆ ಪಗಡಿಯನ್ನೆಲ್ಲ ಅಂಗಳಕ್ಕೆ ತಂದಿಟ್ಟಳು. ಅಪ್ಪ ಕಡ್ಡಿ ಗೀರಿದರು. ಅಳಿದುಳಿದ ಮುಳಿ ಬುರ್ರೆಂದು ಹತ್ತಿತು, ಬೆಂಕಿ ಮರಗಳ ನೆರಳಿಗೆ ಹೋದದ್ದೇ ಸಣ್ಣಗಾಯಿತು. ಅಲ್ಲಿ ಉರಿಯಲು ಹುಲ್ಲೇ ಇರಲಿಲ್ಲ. ತರಗೆಲೆಯ ಮೇಲೆ ಸ್ವಲ್ಪ ದೂರ ತೆವಳಿತು. ಅತ್ತೆ ಅದರ ಹಿಂದೆಯೇ ನಡೆಯುತ್ತ, ಕರುವನ್ನು ಅಟ್ಟುವ ಹಾಗೆ, "ಹೋಗು, ಹೋಗು, ಮುಂದೆ ಹೋಗು" ಅನ್ನುತ್ತಿದ್ದಳು. ಬೆಂಕಿ ಹೋಗಲಿಲ್ಲ. ಹೊಗೆ ಬಿಟ್ಟು ನಂದಿತು.

"ಬೇಡ ಅಂತ ಹೇಳಿದ್ದು ನಾನೇ ಅಲ್ವಾ?" ಅಂದಳು.

"ನಿನ್ನದೆಂತ ತಪ್ಪು ಉಂಟು ಅದರಲ್ಲಿ" ಅಂದರು ಅಪ್ಪ.

ಮಾಡಿಗೆ ಅಪ್ಪ ಕಳಿಸಿದ ಅಡಿಕೆ ಸೋಗೆಯನ್ನು ಅವಳು ತೆಗೆದುಕೊಂಡಳು. ಅಕ್ಕಿ ಕಳಿಸಿದರೆ ಹಿಂದೆ ಕಳಿಸಿದಳು. ಗೆಣಸು, ಕೆಸು ಬೇಯಿಸಿಕೊಂಡು ಒಂದು ಮಳೆಗಾಲ ಹೇಗೋ ತಳ್ಳಿದಳು. ಮೈ ಇಳಿದುಹೋಯಿತು. ಮತ್ತೆ ಅಪ್ಪನೇ ಹೋಗಿ, ಕೈ ಹಿಡಿದು ನಮ್ಮ ಮನೆಗೆ ಕರೆದುಕೊಂಡು ಬಂದರು. ಅವಳು ಎದುರು ಮಾತಾಡಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಬಂದ ದಿನ ಸಂಜೆ ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನ ಹತ್ತಿರ ಕೇಳಿದಳು: "ಅತ್ತಿಗೆ, ಒಂದು ಲೋಟ ನೀರು ಕುಡಿಯಲಾ?"

ಜಗಲಿಯಲ್ಲಿದ್ದ ಅಪ್ಪನಿಗೆ ಕೇಳಿಸಿತು. ಎದ್ದು ಅಂಗಳಕ್ಕಿಳಿದು ಹೋದರು.

"ಇದೆಂತ ಕೇಳುದು! ನೀನು ಹುಟ್ಟಿದ ಮನೆ ಅಲ್ವಾ ಇದು?" ಅಂತ ಅಮ್ಮ ಗದರಿದಳು. ಅತ್ತೆ ಹೌದೆಂದು ತಲೆ ಆಡಿಸಿದಳು. ಮರುದಿನವೂ ಕೇಳಿಯೇ ಕುಡಿದಳು.